ಅದ, ಅಂಥಾದ್ದ

ಗುಳೇದಗುಡ್ಡದ ಚರ್ಚಿನ ಹಿಂದಿನ ಕೋಣೆ.
ಸ್ಥಿರೀಕರಣದ ಪಾಠಕ್ಕೆ ಐದು ಮಕ್ಕಳು, ಒಂದು ಕರಿಹಲಗೆ.
ಹೊರಗೆ ಮಗ್ಗದ ಸದ್ದು ಭಾನುವಾರವೂ ನಿಲ್ಲುವುದಿಲ್ಲ.
ತಬಿತಾ ಕೈ ಎತ್ತಿದಳು:
‘ಸರ್, ದೋಣ್ಯಾಗ ಯೇಸು ಮಲಗಿದ್ನಲ್ರಿ,
ಆವಾಗ ದೇವ್ರಿಗೂ ನಿದ್ದಿ ಹತ್ತಿತ್ತೇನ್ರಿ?’

ಹಲಗೆಯ ಮೇಲೆ ಆಗಷ್ಟೇ ಬರೆದಿದ್ದೆ:
ನಿಕೇಯ, ಎಫೆಸ, ಕಲ್ಕೆದೋನ್.
ಪರೀಕ್ಷೆಗೆ ಬರುವ ಮೂರು ಊರು.
ಸುಣ್ಣದ ಕಡ್ಡಿ ಕೈಯಲ್ಲೇ ಬೆವೆತಿತು.

ಹೇಳಿದೆ, ನನಗೆ ಗೊತ್ತಿದ್ದಷ್ಟು.
ಚಕ್ರವರ್ತಿ ಕರೆಸಿದನಂತೆ, ಮುನ್ನೂರು ಬಿಷಪರು ಬಂದರಂತೆ,
ಹಿಂಸೆಯ ಕಾಲ ದಾಟಿ ಬಂದವರು,
ಒಬ್ಬನಿಗೆ ಒಂದೇ ಕಣ್ಣು,
ಇನ್ನೊಬ್ಬನ ಬೆರಳು ಕಾದ ಕಬ್ಬಿಣಕ್ಕೆ ಸೆಡೆತು
ಎಳೆಯೊಂದನ್ನೂ ಹಿಡಿಯಲಾರವು.
(ಬೆರಳು ಅಂದಾಗ ಮಕ್ಕಳು ತಲೆ ಎತ್ತಿದರು. ನೇಕಾರರ ಮಕ್ಕಳು.)
ಮಗನದು ತಂದೆಯ ‘ಅದೇ ಸತ್ವ’ ಎಂದು ಬರೆದು ಎದ್ದರು.
‘ಅಂಥದೇ ಸತ್ವ’ ಅನ್ನೋಣವೆಂದು ಆಮೇಲಿನವರು ಹಟ ಹಿಡಿದರು.
ಗ್ರೀಕಿನಲ್ಲಿ ಒಂದೇ ಅಕ್ಷರದ ಫರಕು,
ಅದೂ ಎಲ್ಲಕ್ಕಿಂತ ಸಣ್ಣದು.
‘ಅಷ್ಟಕ್ಕ ಗಡೀಪಾರೇನ್ರಿ?’ ಎಲೀಷ ನಕ್ಕ.

ನಗಬೇಡಲೇ ಎಲೀಷ.
ನಿಮ್ಮಪ್ಪನನ್ನು ಕೇಳು.
ಪೇಟೆಯಲ್ಲಿ ಗಿರಾಕಿ ಕೈಮಗ್ಗದ ಸೀರೆ ಕೇಳಿದರೆ
ಅಂಗಡಿಯವನು ಪವರ್‌ಲೂಮಿನದು ಬಿಚ್ಚಿ ಹಾಸಿ
‘ಅಂಥಾದ್ದ ಐತಿ ನೋಡ್ರಿ’ ಅನ್ನುತ್ತಾನೆ.
ಅದಕ್ಕೂ ಅಂಥಾದ್ದಕ್ಕೂ ನಡುವೆ
ನಮ್ಮ ಓಣಿಯಲ್ಲಿ ಹದಿನೇಳು ಮಗ್ಗದ ಕುಣಿ ಮುಚ್ಚಿದವು.

ಸಂಜೆ ಸಲೋಮೆ ಅತ್ತೆಯ ಮನೆಗೆ ಹೋದೆ.
ಮಗ್ಗದ ಮುಂದೆ ಕುಂತು ಸೆರಗು ಕೂಡಿಸುತ್ತಿದ್ದಳು.
ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ಕೆಂಪು ರೇಷ್ಮೆ.
ಇದರ ಕೊಂಡಿಯೊಳಗೆ ಅದರ ಕೊಂಡಿ,
ಗಂಟಿಲ್ಲ, ಅಂಟಿಲ್ಲ, ಒಂದೊಂದೇ ಎಳೆ,
ಬೆರಳಿಗೆ ನೀರು ಹಚ್ಚಿಕೊಳ್ಳುತ್ತ.
‘ಹತ್ತಿ ರೇಷ್ಮಿ ಆಗಂಗಿಲ್ಲ, ರೇಷ್ಮಿ ಹತ್ತಿ ಆಗಂಗಿಲ್ಲ.
ಬೇಕಾರ ಜಗ್ಗಿ ನೋಡು.’
ಜಗ್ಗಿದೆ. ಬಿಡಲಿಲ್ಲ.
‘ನಿಮ್ಮ ಬಿಷಪ್ರು ಎಷ್ಟ ದಿನ ಜಗ್ಗಾಡಿದ್ರು?’
ನಿಕೇಯದಿಂದ ಕಲ್ಕೆದೋನಿಗೆ ನೂರಾ ಇಪ್ಪತ್ತಾರು ವರ್ಷ ಅಂದೆ.
‘ಅಷ್ಟರಾಗ ಎಷ್ಟ ಸೀರಿ ಆಗ್ತಿದ್ವು’
ಅಂದಳು, ತಲೆ ಎತ್ತದೆ.

ಉತ್ತರ ಸಿಕ್ಕಿತು ಅಂದುಕೊಂಡೆ.
ಕಲ್ಕೆದೋನಿನ ನಾಲ್ಕು ಮಾತು ನಾಲಿಗೆಗೆ ತಾವಾಗಿ ಬಂದವು:
ಬೆರೆಯದೆ, ಮಾರ್ಪಡದೆ, ಸೀಳದೆ, ಅಗಲದೆ.
ಓಣಿ ತಿರುಗುವಷ್ಟರಲ್ಲಿ ತಣ್ಣಗಾದೆ.
ಎಫೆಸದಲ್ಲಿ ಬೇಡವೆಂದದ್ದು ಇದನ್ನೇ ಅಲ್ಲವೆ,
ಎರಡು ತುಂಡು ಕೂಡಿಸಿದ ಕ್ರಿಸ್ತನನ್ನು?
ಮರಿಯಳ ಮಡಿಲಲ್ಲಿ ಅತ್ತದ್ದು ಬರೀ ಒಡಲು,
ಸೆರಗು ಆಮೇಲಿನದು ಅನ್ನುವ ಮಾತನ್ನು?
ಅತ್ತೆಯ ಕೈ ತಪ್ಪಿರಲಿಲ್ಲ, ನನ್ನ ಹೋಲಿಕೆ ತಪ್ಪಿತ್ತು.
ಆ ಹಿರಿಯರಿಗೂ ಇದು ತಿಳಿದಿತ್ತೇನೋ.
ಹೀಗಿದೆ ಅನ್ನಲು ಬಾಯಿ ಬರದೆ
ಹೀಗಲ್ಲ, ಹೀಗೂ ಅಲ್ಲ ಎಂದು
ನಾಲ್ಕೂ ದಿಕ್ಕಿಗೆ ಮುಳ್ಳು ಹಚ್ಚಿ ಎದ್ದುಹೋದರು.
ಬೇಲಿಯಾಚೆ ಉಳಿದ ಬೀಗರು
ಇವತ್ತಿಗೂ ಬೇರೆ ಪಂಕ್ತಿಯಲ್ಲಿ ಉಣ್ಣುತ್ತಾರೆ.

ಮುಂದಿನ ವಾರ ಪರೀಕ್ಷೆ. ಇಸವಿ ಕೇಳಿದ್ದೆ, ಕಾರಣ ಕೇಳಿದ್ದೆ.
ತಬಿತಾ ಊರಿನ ಹೆಸರಷ್ಟೇ ಬರೆದು
ಕೆಳಗೆ ಬರೆದಿದ್ದಳು:
‘ದೋಣಿಯಲ್ಲಿ ಶಿಷ್ಯರು ಎಬ್ಬಿಸಿದ್ದು ಒಬ್ಬನ್ನ.
ಎದ್ದು ಗಾಳಿಗೆ ಬೈದಾಂವನೂ ಅವನ.
ಇಬ್ಬರು ಏಳಲಿಲ್ಲ.
ಕಣ್ಣು ತಿಕ್ಕಿಕೊಂಡಿರಬೇಕು.’

ಹತ್ತಕ್ಕೆ ಎಂಟು ಹಾಕಿದೆ.
ಕಲ್ಕೆದೋನ್ ಬರೆವಲ್ಲಿ ಒಂದಕ್ಷರ ತಪ್ಪಿತ್ತು.
ಕೆಂಪು ಶಾಯಿಯಲ್ಲಿ ಸುತ್ತಿ
ಸುತ್ತಿದ್ದಕ್ಕೆ ನಾಚಿಕೆಯಾಗಿ
ರಾತ್ರಿ ಮತ್ತೆ ತೆಗೆದು ನೋಡಿದೆ.
ಅಳಿಸಲಿಲ್ಲ.